ಯಾರೂ ಹೋಗದ ಊರಿನ ರಾಯರು

ಯೂರೋಪಿಗೆ ಹೋಗಿಬಂದವರಲ್ಲಿ ಒಂದು ಪಂಗಡವನ್ನು ಗುರುತಿಸುವುದು ಬಲು ಸುಲಭ. ಎದುರಿಗಿದ್ದವರು ರೋಮ್ ಎಂದು ಬಾಯಿ ತೆರೆದರೆ ಸಾಕು, ಇವರ ಮುಖದಲ್ಲಿ ಮರುಕ ಉಕ್ಕುತ್ತದೆ. 'ರೋಮ್ ಬಿಡಿ, ಅಲ್ಲಿಗೆ ಎಲ್ರೂ ಹೋಗ್ತಾರೆ. ಮಾಟೆರಾ ನೋಡಿದ್ರಾ?' ಇಲ್ಲ ಎಂದವರ ಕತೆ ಅಲ್ಲಿಗೆ ಮುಗಿಯಿತು. ಕೊಲೋಸಿಯಮ್ಮಿನ ಮುಂದೆ ಸಂಸಾರ ಸಮೇತ ತೆಗೆಸಿಕೊಂಡ ಫೋಟೋ ಜೇಬಿನಲ್ಲೇ ಉಳಿದು, ರಾಯರ ಫೋನು ಹೊರಬರುತ್ತದೆ. ಬೆರಳು ಸರಿದಷ್ಟೂ ಕಲ್ಲು, ಕಿಟಕಿ, ಬೆಕ್ಕು. ಕಲ್ಲು, ಕಿಟಕಿ, ಇನ್ನೊಂದು ಬೆಕ್ಕು. 'ನೋಡಿ, ಒಂದು ನರಪಿಳ್ಳೆಯೂ ಇಲ್ಲ' ಎಂಬುದೇ ಪ್ರತಿ ಚಿತ್ರಕ್ಕೂ ವ್ಯಾಖ್ಯಾನ. ಆ ಕಿಟಕಿಯ ಹಿಂದೆ ಯಾರು ಬದುಕಿದ್ದರು, ಈಗ ಎಲ್ಲಿ ಹೋದರು ಎಂದು ಕೇಳಿ ನೋಡಿ. 'ಅದೇ, ಹಳೇ ಕಾಲದವರು' ಎಂದು ಮುಂದಿನ ಚಿತ್ರಕ್ಕೆ ಹಾರುತ್ತಾರೆ. ಇದರಿಂದ ನಾನು ತೀರ್ಮಾನಿಸಿರುವುದು ಇಷ್ಟು: ರಾಯರು ಯೂರೋಪಿನ ಉದ್ದಗಲಕ್ಕೂ ಅರಸುತ್ತಿರುವುದು ಇತರರ ಗೈರುಹಾಜರಿಯನ್ನು. ಜೊತೆಗೆ ಸಂಸ್ಕೃತಿಯೂ ಸಿಕ್ಕರೆ ಅದು ಬೋನಸ್ಸು.

ಮಾಟೆರಾವನ್ನೇ ಸಾಕ್ಷಿಗೆ ಕರೆಯೋಣ. ದಕ್ಷಿಣ ಇಟಲಿಯ ಈ ಊರಿನಲ್ಲಿ ಬಂಡೆ ಕೊರೆದು ಮಾಡಿದ ಮನೆಗಳಲ್ಲಿ ಜನ ತಮ್ಮ ದನಕರುಗಳ ಜೊತೆ ಒಂದೇ ಸೂರಿನಡಿ ಬದುಕುತ್ತಿದ್ದರು. ದೇಶಕ್ಕೇ ನಾಚಿಕೆಗೇಡು ಎನಿಸಿ 1952ರ ಕಾನೂನು ಅವರನ್ನೆಲ್ಲ ಎಬ್ಬಿಸಿ ಹೊಸ ಬಡಾವಣೆಗಳಿಗೆ ಸಾಗಿಸಿತು. ಅದೇ ಗುಹೆಗಳು 1993ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. 2019ರಲ್ಲಿ ಊರಿಗೆ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟ ಸಿಕ್ಕಿತು. 2021ರಲ್ಲಿ ತೆರೆಕಂಡ ಚಿತ್ರದಲ್ಲಿ ಜೇಮ್ಸ್ ಬಾಂಡ್ ಆ ಓಣಿಗಳಲ್ಲೇ ಕಾರು ಓಡಿಸಿದ. ಬಾಂಡ್ ಬಂದುಹೋದ ಮೇಲೂ ಇದು ಗುಟ್ಟಿನ ಜಾಗ ಎನ್ನಲು ರಾಯರಿಗೇ ಸಾಧ್ಯ. ಹಾಗಂತ ಅಲ್ಲಿ ಯಾರ ಕಣ್ಣಿಗೂ ಬೀಳದ್ದು ಏನೂ ಇಲ್ಲವೆಂದಲ್ಲ. ಮುಸೊಲಿನಿಯ ಸರ್ಕಾರ ಆ ಸೀಮೆಗೆ ಗಡೀಪಾರು ಮಾಡಿದ್ದ ಕಾರ್ಲೋ ಲೇವಿ ಎಂಬ ಲೇಖಕ, ಅಲ್ಲಿನ ಬಡತನವನ್ನು ಇಟಲಿಯ ಮುಖಕ್ಕೆ ಹಿಡಿದವನು. ಅವನು 1961ರಲ್ಲಿ ಬರೆದ, 18 ಮೀಟರಿಗೂ ಮಿಕ್ಕಿ ಉದ್ದದ ವರ್ಣಚಿತ್ರವೊಂದು ಅದೇ ಊರಿನ ಪಲಾತ್ಸೋ ಲಾನ್ಫ್ರಾಂಕಿಯಲ್ಲಿದೆ: ಅಕಾಲದಲ್ಲಿ ತೀರಿಕೊಂಡ ಕವಿ-ಮೇಯರ್ ಒಬ್ಬನ ಶವ, ಸುತ್ತ ಕಪ್ಪು ಬಟ್ಟೆಯ ಹೆಂಗಸರು, ರೈತರು, ಮಕ್ಕಳು. ಆ ಕಿಟಕಿಗಳ ಹಿಂದಿದ್ದವರ ಪೈಕಿಯವರೇ ಇವರು. ರಾಯರ ಫೋನಿನಲ್ಲಿ ಇವರಿಗೆ ಜಾಗವಿಲ್ಲ. ಒಳಗೆ ಹೋಗಲು ಟಿಕೆಟ್ಟು ಬೇಕಿತ್ತು, ಹೊರಗೆ ಬೆಕ್ಕಿತ್ತು.

ಅಪರಿಚಿತವಾದದ್ದು ದೂರದಲ್ಲೇ ಇರಬೇಕೆಂಬ ಕಾನೂನು ಎಲ್ಲಿದೆ? ರಾಯರು ಮೂಗು ಮುರಿಯುವ ಪ್ಯಾರಿಸ್ಸಿನ ಲೂವ್ರ್‌ನಲ್ಲಿ, ಮೋನಾ ಲೀಸಾ ಇರುವ ಕೋಣೆಯಲ್ಲಿ, ಅವಳ ಎದುರು ಗೋಡೆಯ ಮೇಲೆ ವೆರೊನೇಸೆ 1563ರಲ್ಲಿ ಮುಗಿಸಿದ ಕಾನಾದ ಮದುವೆಯ ಚಿತ್ರವಿದೆ. ಅಗಲ ಸುಮಾರು 10 ಮೀಟರು, ಅದರೊಳಗಿನ ಜನ ನೂರಕ್ಕೂ ಹೆಚ್ಚು. ವೆನಿಸ್ಸಿನ ಒಂದು ಮಠದ ಊಟದ ಮನೆಯಲ್ಲಿದ್ದುದನ್ನು 1797ರಲ್ಲಿ ನೆಪೋಲಿಯನ್ನನ ಸೈನ್ಯ ಕತ್ತರಿಸಿ ಹೊತ್ತು ತಂದಿತು. ಆ ಕೋಣೆಗೆ ಬಂದವರಲ್ಲಿ ಬಹುಪಾಲು ಜನ ಅದಕ್ಕೆ ಬೆನ್ನು ಹಾಕಿ, ಕೈಯೆತ್ತಿ, ಮುಕ್ಕಾಲು ಮೀಟರಿನ ಆ ಹೆಂಗಸಿನ ಫೋಟೋ ತೆಗೆಯುತ್ತಿರುತ್ತಾರೆ. ತಿರುಗಿ ನಿಂತವರಿಗೆ ಸಿಗುವುದು ಲೂವ್ರ್‌ನ ಅತಿ ದೊಡ್ಡ ವರ್ಣಚಿತ್ರ, ಬಹುಮಟ್ಟಿಗೆ ಅವರೊಬ್ಬರಿಗೇ. ಬಲಗಡೆ ಹೂಜಿಯೊಂದನ್ನು ಪರಚುತ್ತ ಅಂಗಾತ ಬಿದ್ದ ಬೆಕ್ಕೂ ಇದೆ. ರಾಯರಿಗೆ ಮತ್ತೇನು ಬೇಕಿತ್ತು?

ಇದಕ್ಕೊಂದು ಆಕ್ಷೇಪ ಬಂದೇ ಬರುತ್ತದೆ. ಎಲ್ಲರೂ ಪ್ಯಾರಿಸ್ಸು, ವೆನಿಸ್ಸುಗಳಿಗೇ ನುಗ್ಗಿದರೆ ಆ ಊರುಗಳ ಗತಿಯೇನು? ದಿನದ ಮಟ್ಟಿಗೆ ಬಂದುಹೋಗುವವರಿಗೆ ವೆನಿಸ್ 2024ರಲ್ಲಿ 5 ಯೂರೋ ಪ್ರವೇಶ ಶುಲ್ಕ ಹಾಕಲಿಲ್ಲವೇ? ಜನರನ್ನು ಬೇರೆಡೆಗೆ ಹಂಚುವ ರಾಯರು ಉಪಕಾರಿಗಳಲ್ಲವೇ? ಅರ್ಧ ಒಪ್ಪುತ್ತೇನೆ. ಆದರೆ ಆಸ್ಟ್ರಿಯಾದ ಹಾಲ್‌ಸ್ಟಾಟ್ ಕೂಡ ಒಂದು ಕಾಲದ ರಾಯರ ಜಾಗವೇ. ಸರೋವರದ ದಂಡೆಯ ಆ ಹಳ್ಳಿಯಲ್ಲಿ ಸಾವಿರ ಜನವೂ ಇಲ್ಲ. ಇತಿಹಾಸಪೂರ್ವ ಕಾಲದ ಉಪ್ಪಿನ ಗಣಿಯಿಂದಾಗಿ ಒಂದು ಇಡೀ ಸಂಸ್ಕೃತಿಗೇ ಅದರ ಹೆಸರು ಬಂದಿದೆ. ಅಲ್ಲಿಗೆ ಸೆಲ್ಫಿಗಾಗಿ ಬರುವವರ ಕಾಟ ತಾಳದೆ 2023ರಲ್ಲಿ ಊರವರು ನೋಟಕ್ಕೇ ಅಡ್ಡಲಾಗಿ ಮರದ ಬೇಲಿ ಎಬ್ಬಿಸಿದರು, ಗಲಾಟೆಯಾಗಿ ತೆಗೆದರು. ಚೀನಾದಲ್ಲಿ ಅದರ ನಕಲೇ ಒಂದು ಎದ್ದು ನಿಂತಿದೆ. ದೊಡ್ಡ ನಗರ ಹೇಗೋ ತಡೆದುಕೊಂಡೀತು. ಮೂರು ಓಣಿಯ ಹಳ್ಳಿಗೆ ಆ ತ್ರಾಣವೆಲ್ಲಿ? ಗುಟ್ಟು ಎಂದು ಹೇಳಿ ಅದನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂಗಿ ಹಂಚುವವರು, ಆಮೇಲೆ 'ಅಯ್ಯೋ, ಈಗ ಅದೂ ಕೆಟ್ಟುಹೋಯ್ತು' ಎಂದು ಹಲುಬಬಾರದು.

ಹಾಗಾದರೆ ಹೇಳುವುದಾದರೂ ಯಾಕೆ? ಏಕಾಂತವೇ ಬೇಕಿದ್ದವರು ಬಾಯಿ ಮುಚ್ಚಿಕೊಂಡು ಇರುತ್ತಿದ್ದರು. ನರಪಿಳ್ಳೆಯಿಲ್ಲದ ಬೀದಿಯಲ್ಲಿ ಒಬ್ಬರೇ ನಿಂತು ನೋಡಿದ್ದು ಇನ್ನೊಬ್ಬರು 'ಹೌದಾ!' ಎನ್ನುವವರೆಗೂ ಅವರಿಗೇ ಪೂರ್ತಿ ನಂಬಿಕೆಯಾಗುವುದಿಲ್ಲವೋ ಏನೋ. ಮನೆಯವರು ಆ ಫೋಟೋಗಳನ್ನು ನೋಡುವುದು ಬಿಟ್ಟು ಎಷ್ಟೋ ಕಾಲವಾಗಿರಬೇಕು. ಅಂಥವರ ಮೇಲೆ ತುಂಬ ಹೊತ್ತು ಸಿಟ್ಟು ಮಾಡಲಾಗುವುದಿಲ್ಲ. ಕನ್ನಡದ ರಾಯರಿಗಂತೂ ಒಂದು ಜಾಗ ನಾನೇ ಸೂಚಿಸಬಲ್ಲೆ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಟ್ಯೂಬಿಂಗೆನ್. ನದಿಯಂಚಿನ ಗೋಪುರದಲ್ಲಿ ಹ್ಯೋಲ್ಡರ್‌ಲೀನ್ ಕವಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು 1807ರಿಂದ 1843ರವರೆಗೆ ಬದುಕಿದ ಊರು. ನಮ್ಮ ಫರ್ಡಿನಾಂಡ್ ಕಿಟೆಲ್, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟನ್ನು ಹೊರತಂದ ಮೇಲೆ, 1903ರಲ್ಲಿ ಕಣ್ಣುಮುಚ್ಚಿದ ಊರೂ ಅದೇ. ಹೋಗುವುದಾದರೆ ರಾಯರನ್ನೇ ಜೊತೆಗೆ ಕರೆದುಕೊಳ್ಳಬೇಕು. ರೈಲು ಎಲ್ಲಿ ಬದಲಿಸಬೇಕು, ಯಾವ ಚರ್ಚಿಗೆ ಮಧ್ಯಾಹ್ನ ಬೀಗ ಬೀಳುತ್ತದೆ, ಯಾವ ಮ್ಯೂಸಿಯಮ್ಮಿಗೆ ಸೋಮವಾರ ರಜೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಲೂವ್ರ್‌ಗೆ ರಜೆ ಮಂಗಳವಾರ ಎನ್ನುವುದೂ ಗೊತ್ತು, ಹೋಗದಿದ್ದರೂ.