ಸಜ್ಜಾ ಮೇಲಿನ ಸ್ಕ್ಯಾನರ್ ಸತ್ತಿಲ್ರೀ!

ನಮ್ಮ ದಾವಣಗೆರೆ ಎಸ್.ಎಸ್. ಬಡಾವಣೆಯವರದು ರಸ್ತೆಯೂ ಅಗಲ, ಮನಸ್ಸೂ ಅಗಲ. ಎಷ್ಟು ಅಗಲ ಅಂದ್ರೆ, ಆಧಾರು, ಖಾತಾ, ಪಾಸ್‌ಬುಕ್ಕು ಎಲ್ಲಾನೂ ಜೆರಾಕ್ಸ್ ಅಂಗಡಿ ಹುಡುಗನ ವಾಟ್ಸಾಪಿಗೆ ಕಳಿಸಿ, "ಪಿಡಿಎಫ್ ಮಾಡಪ್ಪಾ" ಅಂತ ಹೇಳಿ, ಪಕ್ಕದಲ್ಲೇ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ನಿಲ್ಲುತ್ತಾರೆ. ಅಲ್ರೀ, ನಿಮ್ಮನೆ ಸಜ್ಜಾ ಮೇಲೇ ಸ್ಕ್ಯಾನರ್ ಐತಲ್ಲ ಅಂದ್ರೆ, "ಅದು ಸತ್ತು ಯಾವ ಕಾಲ ಆತು!" ಅಂತಾರೆ.

ಸತ್ತಿಲ್ಲ. ಹೊಸ ಕಂಪ್ಯೂಟರಿಗೆ ಹೊಂದುವ ಡ್ರೈವರ್ ಬರಲಿಲ್ಲ, ಅಷ್ಟೇ. ಲಿನಕ್ಸಿನವರು ಹಳೇದನ್ನು ಅಷ್ಟು ಸುಲಭಕ್ಕೆ ಬಿಸಾಕೋರಲ್ಲ. ಅವರ ಸೇನ್ ತಂತ್ರಾಂಶದಲ್ಲಿ ತೊಂಬತ್ತರ ದಶಕದ ಸ್ಕ್ಯಾನರುಗಳ ಡ್ರೈವರ್ ಕೂಡ ಜೋಪಾನವಾಗಿವೆ. ಕ್ಯಾನನ್ ಲೈಡ್ 110 ಥರದ್ದಾದರೆ ಕರೆಂಟಿನ ವೈರೂ ಬೇಡ, ಯುಎಸ್‌ಬಿ ಸಾಕು. ಉಬುಂಟು ಅನ್ನೋ ಲಿನಕ್ಸ್ ಇರೋ ಕಂಪ್ಯೂಟರಿಗೆ ಸಿಕ್ಕಿಸಿ, ಡಾಕ್ಯುಮೆಂಟ್ ಸ್ಕ್ಯಾನರ್ ತೆರೆದು ಸ್ಕ್ಯಾನ್ ಒತ್ತಿ. ಕರಕರ ಸದ್ದು ಬಂದರೆ ಗಾಬರಿಯಾಗಿ ಮತ್ತೆ ಸಜ್ಜಾ ಹತ್ತಿಸಬೇಡಿ. ಕೆಲವು ಹಳೇ ಮಾಡೆಲ್‌ಗಳ ತಳದಲ್ಲಿ ಸಾಗಿಸುವಾಗ ಹಾಕೋ ಲಾಕ್ ಇರುತ್ತೆ, ಅದನ್ನು ತೆಗೀರಿ.

ಆದರೂ ಸ್ಕ್ಯಾನರ್ ಕಾಣಲಿಲ್ವಾ? ಟರ್ಮಿನಲ್‌ನಲ್ಲಿ scanimage -L ಅಂತ ಕೊಟ್ಟು ನೋಡಿ. ಸುಡೊ ಹಾಕಿದಾಗ ಮಾತ್ರ ಹೆಸರು ಬಂದರೆ, ಯಂತ್ರ ಸರಿಯಿದೆ, ಕಂಪ್ಯೂಟರ್ ನಿಮ್ಮನ್ನು ನಂಬಿಲ್ಲ. ನಿಮ್ಮ ಯೂಸರ್ ಹೆಸರನ್ನು ಸ್ಕ್ಯಾನರ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ವೈಫೈ ಇರೋ ಹೊಸ ಆಲ್‌-ಇನ್‌-ಒನ್‌ಗಳಾದರೆ ಸೇನ್-ಏರ್‌ಸ್ಕ್ಯಾನ್ ಬಹುಪಾಲು ತಾನೇ ಸಂಭಾಳಿಸುತ್ತೆ.

ಇನ್ನು ಡಿಪಿಐ, ಅಂದ್ರೆ ಇಂಚಿಗೆಷ್ಟು ಚುಕ್ಕಿ ಅನ್ನೋ ಲೆಕ್ಕ. ದೋಸೆ ಹೋಟೆಲಿನಲ್ಲಿ "ಬೆಣ್ಣೆ ಇನ್ನೊಂಚೂರು ಹಾಕ್ರೀ" ಅನ್ನೋ ಬಾಯಿ ಇಲ್ಲೂ ಸುಮ್ಮನಿರಲ್ಲ, 1200 ಇಡ್ತೀರಿ. ಎ4 ಬಣ್ಣದ ಪುಟ 300ರಲ್ಲಿ, ಹಿಂಡೋಕೆ ಮುಂಚೆ, ಸುಮಾರು 26 ಎಂಬಿ; 1200ಕ್ಕೆ ಅದರ ಹದಿನಾರು ಪಟ್ಟು. ಖಾತಾ ಪತ್ರವನ್ನು ಗೋಡೆಗೆ ಫ್ಲೆಕ್ಸ್ ಹಾಕಿಸ್ತೀರೇನು? 300 ಸಾಕು ಬಿಡಿ.

1997ರ ಆಗಸ್ಟಿಗೆ ಮುಂಚಿನ ಕಾಗದಗಳನ್ನು ಮಾತ್ರ ಮೊದಲು ಸ್ಕ್ಯಾನ್ ಮಾಡಿ. ನಮ್ಮೂರು ಆಗಿನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ; ಅವುಗಳ ತಲೆ ಮೇಲೆ ಚಿತ್ರದುರ್ಗ ಜಿಲ್ಲೆ ಅಂತಿರುತ್ತೆ, ಮೊಮ್ಮಕ್ಕಳು ಯಾರದೋ ಆಸ್ತಿ ಅಂದ್ಕೊಂಡು ರದ್ದಿಗೆ ಹಾಕಿಯಾರು. ಅಚ್ಚಿನ ಪುಟವಾದರೆ ಟೆಸೆರಾಕ್ಟ್ ಅನ್ನೋ ಅಕ್ಷರ ಓದುವ ತಂತ್ರಾಂಶಕ್ಕೆ ಕನ್ನಡದ ಪ್ಯಾಕೇಜು ಹಾಕಿ ಓದಿಸಬಹುದು. ಒತ್ತಕ್ಷರದಲ್ಲಿ ಎಡವಿದರೂ ಹುಡುಕೋಕೆ ಆಗುತ್ತೆ. ಶಾನುಭೋಗರ ಕೈಬರಹ ಇಟ್ಟರೆ ಏನೇನೋ ಬಡಬಡಿಸುತ್ತೆ. ಬೈಯಬೇಡಿ, ಆ ಮೋಡಿ ಅಕ್ಷರ ಓದೋಕೆ ಆಗಲೂ ಇನ್ನೊಬ್ಬ ಶಾನುಭೋಗರೇ ಬೇಕಿತ್ತು.

ಸೇವ್ ಮಾಡುವಾಗ ಹೆಸರು ಬದಲಿಸಿ ಮಾರಾಯ್ರೇ! ಬಿಟ್ಟರೆ ಅದು ಎಲ್ಲಕ್ಕೂ ಸ್ಕ್ಯಾನ್ಡ್ ಡಾಕ್ಯುಮೆಂಟ್ ಅಂತಲೇ ಇಡುತ್ತೆ. ಮಗಳ ಜಾತಕ ಅಂತ ಗಂಡಿನ ಕಡೆಯವರಿಗೆ ಸೈಟಿನ ಖಾತಾ ಕಳಿಸಿದ ಹಿರಿಯರೊಬ್ಬರು ನಮ್ಮ ಬ್ಲಾಕಿನಲ್ಲೇ ಇದ್ದಾರೆ. ಮಾತುಕತೆ ಅವತ್ತೇ ಮುಂದುವರಿಯಿತಂತೆ.