ಹಿಂಬರಹವಿಲ್ಲದ ಅರ್ಜಿ: ಮದರ್‌ಬೋರ್ಡ್ ತಯಾರಕರಿಗೆ ಒಂದು ಬಹಿರಂಗ ಪತ್ರ

ಗೆ,
ಮದರ್‌ಬೋರ್ಡ್ ತಯಾರಿಸುವ ಮಹನೀಯರು ಹಾಗೂ ಅದರ ಕೈಪಿಡಿ ರಚಿಸುವ ವಿದ್ವಾಂಸರು.

ವಿಷಯ: ಮನೆಯಲ್ಲೇ ಜೋಡಿಸಿದ ಮೊದಲ ಕಂಪ್ಯೂಟರು ಗುಂಡಿ ಒತ್ತಿದರೂ ಚಾಲೂ ಆಗದಿರುವ ಬಗ್ಗೆ.

ಮಾನ್ಯರೇ,

ಹತ್ತಾರು ಬಗೆಯ ದೋಷಗಳಿಗೆ ಒಂದೇ ಲಕ್ಷಣವನ್ನು, ಎಂದರೆ ಸಂಪೂರ್ಣ ಮೌನವನ್ನು, ಗೊತ್ತುಪಡಿಸಿದ ಕೀರ್ತಿ ಮಹನೀಯರಿಗೇ ಸಲ್ಲತಕ್ಕದ್ದು. ಸ್ಪೈಕ್ ಬಸ್ಟರಿನ ಸ್ವಿಚ್ಚು ಹಾಕದಿದ್ದರೂ, ಪ್ರೊಸೆಸರ್ ಕೂರುವ ಸಾಕೆಟ್ಟಿನ ಸಾವಿರಕ್ಕೂ ಹೆಚ್ಚು ಪಿನ್ನುಗಳಲ್ಲಿ ಒಂದು ಬಾಗಿದ್ದರೂ, ಗುಂಡಿಯ ಎರಡು ಸಣ್ಣ ತಂತಿಗಳು ತಪ್ಪು ಪಿನ್ನುಗಳಿಗೆ ಸಿಕ್ಕಿದ್ದರೂ ಗುಂಡಿ ಒತ್ತಿದವನಿಗೆ ದೊರೆಯಬಹುದಾದ ಉತ್ತರ ಅದೊಂದೇ. ಬೆಂಗಳೂರಿನ ಎಸ್.ಪಿ. ರಸ್ತೆಯ ನಾಲ್ಕು ಅಂಗಡಿಗಳಲ್ಲಿ ಚೌಕಾಸಿ ಮಾಡಿ ಬಿಡಿಭಾಗಗಳನ್ನು ತಂದು, ಊಟದ ಮೇಜಿನ ಮೇಲೆ ಜೋಡಿಸಿ, ಮನೆಯವರನ್ನೆಲ್ಲ ಕರೆದು ನಿಲ್ಲಿಸಿಕೊಂಡು ಗುಂಡಿ ಒತ್ತುವ ಗ್ರಾಹಕನಿಗೆ ಈ ಸಮಾನತಾ ತತ್ತ್ವದ ಹಿರಿಮೆ ಕೂಡಲೇ ಹೊಳೆಯುವುದಿಲ್ಲವಾದ್ದರಿಂದ, ಅದನ್ನು ಶಾಸ್ತ್ರೋಕ್ತವಾಗಿ ವಿವರಿಸುವ ಅಗತ್ಯವಿದೆ.

ಗುಂಡಿ ಎಂಬುದು ಒಂದು ಕಾಲಕ್ಕೆ ನಿಜವಾದ ಸ್ವಿಚ್ಚಾಗಿತ್ತು. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಹಾಗೂ ಅದರ ಜಾಡಿನಲ್ಲಿ ತಯಾರಾದ ಯಂತ್ರಗಳಲ್ಲಿ ಅದನ್ನು ಹಾಕಿದರೆ ಗೋಡೆಯಿಂದ ಬರುವ ವಿದ್ಯುತ್ತಿನ ದಾರಿಯೇ ತೆರೆದುಕೊಳ್ಳುತ್ತಿತ್ತು, ಆರಿಸಿದರೆ ಮುಚ್ಚಿಕೊಳ್ಳುತ್ತಿತ್ತು. ಆ ಕಾಲವೇನೂ ನಿರಪಾಯವಾಗಿರಲಿಲ್ಲ. ಬೋರ್ಡಿಗೆ ವಿದ್ಯುತ್ ಒಯ್ಯುವ ಪಿ8, ಪಿ9 ಎಂಬ ಜೋಡಿ ಕನೆಕ್ಟರುಗಳನ್ನು ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರುವಂತೆ ಕೂರಿಸದೆ ಅದಲುಬದಲು ಮಾಡಿದವರು ಬೋರ್ಡನ್ನೇ ಸುಟ್ಟುಕೊಳ್ಳುವ ಅಪಾಯವಿತ್ತು. ಆದರೆ ಸುಟ್ಟ ವಾಸನೆಯೂ ಒಂದು ಮಾಹಿತಿಯೇ ತಾನೆ. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಮಾನದಂಡವನ್ನು ಪ್ರಕಟಿಸಿದ ಮೇಲೆ ಗುಂಡಿಯ ಅಧಿಕಾರ ಮೊಟಕಾಯಿತು. ಈಗ ಕ್ಯಾಬಿನೆಟ್ಟಿನ ಮುಖದ ಮೇಲಿರುವ ಗುಂಡಿಯು ಬೋರ್ಡಿನ ಎರಡು ಪಿನ್ನುಗಳನ್ನು ಕ್ಷಣಕಾಲ ಒಂದಕ್ಕೊಂದು ಮುಟ್ಟಿಸಿ ಒಂದು ಅರ್ಜಿಯನ್ನು ಸಲ್ಲಿಸುತ್ತದೆಯೇ ಹೊರತು ಏನನ್ನೂ ತಾನಾಗಿ ಚಾಲೂ ಮಾಡುವುದಿಲ್ಲ.

ಆ ಅರ್ಜಿಯು ತಾಲ್ಲೂಕು ಕಚೇರಿಯ ಕಡತದಂತೆ ಮೇಜಿನಿಂದ ಮೇಜಿಗೆ ಸಾಗಬೇಕು. ಎಸ್‌ಎಂಪಿಎಸ್ ಎಂದು ಅಂಗಡಿಯವರೆಲ್ಲ ಕರೆಯುವ ವಿದ್ಯುತ್ ಪೂರೈಕೆ ಪೆಟ್ಟಿಗೆಯು, ಅದರ ಹಿಂಬದಿಯ ಸ್ವಿಚ್ಚು ಹಾಕಿರುವವರೆಗೂ, ಕಂಪ್ಯೂಟರು ಆರಿರುವಾಗಲೂ ನೇರಳೆ ತಂತಿಯ ಮೂಲಕ 5 ವೋಲ್ಟುಗಳ ಕಾವಲು ವಿದ್ಯುತ್ತನ್ನು ಬೋರ್ಡಿಗೆ ಕೊಡುತ್ತಿರುತ್ತದೆ; ಅದರ ಬಲದಿಂದ ಎಚ್ಚರವಾಗಿರುವ ಬೋರ್ಡು ಗುಂಡಿಯ ಅರ್ಜಿಯನ್ನು ಸ್ವೀಕರಿಸಿ, 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹದಿನಾರನೆಯದಾದ ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ. ಆಗ ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟುಗಳನ್ನು ಹರಿಸಿ, ಅವು ಸ್ಥಿರವಾದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ ಬೂದು ತಂತಿಯ ಮೂಲಕ ‘ಎಲ್ಲವೂ ಸರಿಯಿದೆ’ ಎಂಬ ಸಹಿ ಹಾಕುತ್ತದೆ. ಆ ಸಹಿ ಬೀಳುವವರೆಗೂ ಪ್ರೊಸೆಸರು ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ವ್ಯವಸ್ಥೆ ವಿವೇಕದ್ದೇ, ಅದರಲ್ಲಿ ಆಕ್ಷೇಪವಿಲ್ಲ. ಆದರೆ ತಾಲ್ಲೂಕು ಕಚೇರಿಯು ಕೂಡ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣ ಬರೆದು ಹಿಂಬರಹ ಕೊಡುತ್ತದೆ. ಮಹನೀಯರ ಅಗ್ಗದ ಬೋರ್ಡು ಅಷ್ಟು ಸೌಜನ್ಯವನ್ನೂ ತೋರುವುದಿಲ್ಲ.

ಮುಂಭಾಗದ ಗುಂಡಿಯಿಂದ ಬೋರ್ಡಿಗೆ ಬರುವ ತಂತಿಗಳ ವಿಷಯದಲ್ಲಂತೂ ಕೈಪಿಡಿಕಾರರ ಪಾಂಡಿತ್ಯ ಶಿಖರ ಮುಟ್ಟಿದೆ. ತಲಾ ಐದರ ಎರಡು ಸಾಲುಗಳಲ್ಲಿ ಒಂದು ಪಿನ್ನನ್ನು ಕೈಬಿಟ್ಟು ಒಂಬತ್ತು ಪಿನ್ನುಗಳ ಒಂದು ಗುಚ್ಛವನ್ನು ಬೋರ್ಡಿನ ಅತ್ಯಂತ ಕತ್ತಲೆಯ ಮೂಲೆಯಲ್ಲಿಟ್ಟು, ಅದರಲ್ಲಿ ಆರನೆಯ ಮತ್ತು ಎಂಟನೆಯ ಪಿನ್ನುಗಳು ಪವರ್ ಗುಂಡಿಗೆ, ಐದು ಮತ್ತು ಏಳು ರೀಸೆಟ್ ಗುಂಡಿಗೆ, ಮೊದಲ ನಾಲ್ಕು ದೀಪಗಳಿಗೆ ಎಂದು ವಿಧಿಸಲಾಗಿದೆ. ಈ ವಿಧಿಯನ್ನು ತಿಳಿಸುವ ಚಿತ್ರವು ಕೈಪಿಡಿಯಲ್ಲಿ ಅಂಚೆ ಚೀಟಿಯಷ್ಟು ದೊಡ್ಡದಿದ್ದರೆ ಅದು ಉದಾರ ಕೈಪಿಡಿ. ಗುಂಡಿಯ ತಂತಿಗಳಿಗೆ ಧನ, ಋಣ ಎಂಬ ಭೇದವಿಲ್ಲ, ಹೇಗೆ ಸಿಕ್ಕಿಸಿದರೂ ನಡೆಯುತ್ತದೆ. ದೀಪದ ತಂತಿಗಳಿಗೆ ಆ ಭೇದವಿರುವುದರಿಂದ ತಿರುವುಮುರುವಾದರೆ ದೀಪ ಹೊತ್ತುವುದಿಲ್ಲ. ಈ ವ್ಯತ್ಯಾಸ ತಿಳಿಯದವನು ದೀಪ ಹೊತ್ತದಿರುವುದನ್ನೇ ನೋಡಿ, ಒಳಗೆ ಸುಖವಾಗಿ ನಡೆಯುತ್ತಿರುವ ಯಂತ್ರಕ್ಕೂ ತಿಲೋದಕ ಬಿಡುವ ಸಂಭವವುಂಟು. ಗುಂಡಿಯೇ ಕೆಟ್ಟಿದೆಯೇ ಎಂಬ ಸಂಶಯವನ್ನು ಪರಿಹರಿಸಿಕೊಳ್ಳಲು ರೀಸೆಟ್ ಗುಂಡಿಯ ತಂತಿಯನ್ನು ಪವರ್ ಪಿನ್ನುಗಳಿಗೆ ಸಿಕ್ಕಿಸಿ ಒತ್ತಬಹುದು, ಇಲ್ಲವೇ ಸ್ಕ್ರೂಡ್ರೈವರಿನ ತುದಿಯಿಂದ ಆ ಎರಡು ಪಿನ್ನುಗಳನ್ನಷ್ಟೇ ಕ್ಷಣಮಾತ್ರ ಮುಟ್ಟಿಸಬಹುದು. ಈ ಉಪಾಯವು ರಿಪೇರಿ ಅಂಗಡಿಯ ಹುಡುಗರಿಗೆಲ್ಲ ಗೊತ್ತಿದ್ದು ಕೈಪಿಡಿಯಲ್ಲಿ ಮಾತ್ರ ಕಾಣಸಿಗದು.

ಎಸ್‌ಎಂಪಿಎಸ್ಸಿನ ಹಿಂಬದಿಯ ಸ್ವಿಚ್ಚಿನಲ್ಲಿ ಉದ್ದಗೆರೆ ಎಂದರೆ ಚಾಲೂ, ಸೊನ್ನೆ ಎಂದರೆ ಬಂದ್ ಎಂಬುದನ್ನು ಇಲ್ಲಿ ಹೇಳಿ ಮುಂದೆ ಹೋಗಬಹುದು. ಹೆಚ್ಚು ಗಮನಕ್ಕೆ ಯೋಗ್ಯವಾದದ್ದು ಬೋರ್ಡಿನ ಮೇಲ್ಮೂಲೆಯಲ್ಲಿ ಪ್ರೊಸೆಸರಿಗೆಂದೇ ಮೀಸಲಾದ ಎಂಟು ಪಿನ್ನಿನ ಪ್ರತ್ಯೇಕ ಕನೆಕ್ಟರು. 24 ಪಿನ್ನಿನದನ್ನು ಸಿಕ್ಕಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವ ಹೊಸಬರು ಇದನ್ನು ಮರೆಯುವುದು ಸಾಮಾನ್ಯ. ಆಗ ಫ್ಯಾನುಗಳು ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ಕನೆಕ್ಟರು ನೋಡಲು ಇದರ ಅವಳಿಯಂತಿದ್ದು, ಒಳಗೆ 12 ವೋಲ್ಟು ಮತ್ತು ಗ್ರೌಂಡುಗಳ ಸ್ಥಾನ ವಿರುದ್ಧವಾಗಿರುತ್ತದೆ. ಆಕಾರಭೇದ ಮಾಡಿ ತಪ್ಪು ಜೋಡಣೆಯನ್ನು ತಡೆಯಲಾಗಿದೆಯಾದರೂ, ಬಲಪ್ರಯೋಗದಿಂದ ಯಾವುದನ್ನಾದರೂ ಎಲ್ಲಿಗಾದರೂ ತುರುಕಬಹುದೆಂಬ ನಂಬಿಕೆಯುಳ್ಳವರಿಗೆ ಆಕಾರಭೇದ ಅಡ್ಡಿಯಾಗದು.

ಗುಂಡಿ ಒತ್ತಿದಾಗ ಫ್ಯಾನು ಅರೆಕ್ಷಣ ಅಲುಗಿ ನಿಂತುಬಿಡುವುದು ಮೌನಕ್ಕಿಂತ ಶುಭಸೂಚಕ, ಏಕೆಂದರೆ ಎಲ್ಲಿಯೋ ಶಾರ್ಟ್ ಆಗಿರುವುದನ್ನು ಕಂಡು ಎಸ್‌ಎಂಪಿಎಸ್ ತನ್ನ ಕರ್ತವ್ಯವಾಗಿ ಹಿಂದೆ ಸರಿದಿರುವ ಸಾಧ್ಯತೆ ಇದರಲ್ಲಿ ಹೆಚ್ಚು. ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿನಿಂದ ಮೇಲೆ ಹಿಡಿದಿಡುವ ಹಿತ್ತಾಳೆಯ ಸಣ್ಣ ಕಂಬಗಳಲ್ಲಿ ಒಂದು ಬೋರ್ಡಿನ ರಂಧ್ರವಿಲ್ಲದ ಕಡೆ ಉಳಿದುಕೊಂಡು, ಅಡಿಯ ಬೆಸುಗೆಗಳನ್ನು ಮುಟ್ಟುತ್ತಿರುವುದು ಇಂಥ ಪ್ರಸಂಗದ ಚಿರಪರಿಚಿತ ಕಾರಣ. ಎಲ್ಲವನ್ನೂ ಬಿಚ್ಚಿ, ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರು, ಅದರ ಕೂಲರು ಮತ್ತು ಒಂದೇ ಒಂದು ರ್‍ಯಾಮ್ ಕಡ್ಡಿಯೊಡನೆ ಚಾಲೂ ಮಾಡಿ ನೋಡಬೇಕೆಂಬ ಪದ್ಧತಿ ಬೆಳೆದುಬಂದಿರುವುದು ಇದಕ್ಕಾಗಿಯೇ. ಹೊರಗೆ ನಡೆಯುವುದು ಒಳಗೆ ನಡೆಯದಿದ್ದರೆ ದೋಷ ಕ್ಯಾಬಿನೆಟ್ಟಿನಲ್ಲಿದೆ. ಎಸ್‌ಎಂಪಿಎಸ್ಸನ್ನೇ ಸಂಶಯಿಸುವವರು ಅದನ್ನು ಬೋರ್ಡಿನಿಂದ ಬೇರ್ಪಡಿಸಿ, ಹಸಿರು ತಂತಿಯನ್ನು ಕಪ್ಪು ತಂತಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸಿ ಪರೀಕ್ಷಿಸುವುದುಂಟು. ಇದರಲ್ಲಿಯೂ ತಯಾರಕರ ಹಾಸ್ಯಪ್ರಜ್ಞೆ ಕೆಲಸ ಮಾಡಿದೆ: ಈಗಿನ ಅನೇಕ ಎಸ್‌ಎಂಪಿಎಸ್‌ಗಳಲ್ಲಿ ಸೌಂದರ್ಯದೃಷ್ಟಿಯಿಂದ ಎಲ್ಲ ತಂತಿಗಳೂ ಕಪ್ಪು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚತಕ್ಕದ್ದಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಲ್ಲದು.

ಫ್ಯಾನು ತಿರುಗಿಯೂ ಚಿತ್ರ ಬಾರದ ಸ್ಥಿತಿಯನ್ನು ಅಂಗಡಿಯವರು ‘ನೋ ಡಿಸ್‌ಪ್ಲೇ’ ಎನ್ನುತ್ತಾರೆ. ಇಂಟೆಲ್‌ನ ಎಫ್ ಅಕ್ಷರದ ಪ್ರೊಸೆಸರುಗಳಲ್ಲಿ ಚಿತ್ರ ಮೂಡಿಸುವ ಭಾಗ ಬಳಕೆಗೆ ಸಿಗುವುದಿಲ್ಲವಾದ್ದರಿಂದ ಮಾನಿಟರನ್ನು ಬೋರ್ಡಿನ ಕಿಂಡಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಆದರೂ ಆ ಕಿಂಡಿ ಬೋರ್ಡಿನ ಮೇಲೆ ಆಹ್ವಾನಿಸುತ್ತಲೇ ಇರುತ್ತದೆ. ಬೋರ್ಡಿನ ಬಯೋಸ್, ಎಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ, ಪ್ರೊಸೆಸರಿಗಿಂತ ಹಳೆಯದಾಗಿದ್ದರೆ ಎರಡೂ ಪರಸ್ಪರ ಗುರುತು ಹಿಡಿಯುವುದಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡುಗಳಲ್ಲಿ ಈ ತೊಡಕು ಎಷ್ಟು ವ್ಯಾಪಕವಾಗಿತ್ತೆಂದರೆ, 2018ರಲ್ಲಿ ಆ ಸಂಸ್ಥೆಯೇ ಬಯೋಸ್ ನವೀಕರಿಸಿಕೊಳ್ಳಲೆಂದು ಗ್ರಾಹಕರಿಗೆ ಪ್ರೊಸೆಸರುಗಳನ್ನು ಎರವಲು ಕಳುಹಿಸಬೇಕಾಯಿತು.

ಈ ಎಲ್ಲ ಗೊಂದಲಕ್ಕೂ ಮದ್ದು ಮಹನೀಯರ ಬಳಿ ಬಹಳ ಹಿಂದಿನಿಂದ ಇದೆ. ಆರಂಭದ ಸ್ವಪರೀಕ್ಷೆ ಯಾವ ಹಂತದಲ್ಲಿ ನಿಂತಿತೆಂದು ಎರಡಕ್ಷರದಲ್ಲಿ ತೋರಿಸುವ ಪುಟ್ಟ ಫಲಕವನ್ನು ಅವರು ಬೋರ್ಡಿನ ಮೇಲೆಯೇ ಕೂರಿಸಬಲ್ಲರು, ಕೂರಿಸಿಯೂ ಇದ್ದಾರೆ. ಸಾಮಾನ್ಯವಾಗಿ ಅತ್ಯಂತ ದುಬಾರಿ ಬೋರ್ಡುಗಳ ಮೇಲೆ. ಹತ್ತು ಕಂಪ್ಯೂಟರು ಜೋಡಿಸಿದ ಅನುಭವಸ್ಥ ಅಂಥದನ್ನು ಕೊಳ್ಳುತ್ತಾನೆ, ಅವನಿಗೆ ಫಲಕದ ಅಗತ್ಯ ಕಡಿಮೆ. ಮೊದಲ ಬಾರಿಗೆ ಕೈ ಹಾಕುವವನು ಅಗ್ಗದ ಬೋರ್ಡು ಕೊಳ್ಳುತ್ತಾನೆ, ಅವನಿಗೆ ಮೌನವೇ ಗತಿ. ರೋಗ ತಿಳಿಸುವ ಸೌಲಭ್ಯವನ್ನು ಆರೋಗ್ಯವಂತರಿಗಾಗಿ ಕಾದಿರಿಸಿರುವ ಈ ನೀತಿಯನ್ನು ಬರಿಯ ಮಿತವ್ಯಯವೆಂದು ಒಪ್ಪಲಾಗದು. ಫಲಕ ದುಬಾರಿಯಾಯಿತೆಂದೇ ಇಟ್ಟುಕೊಂಡರೂ, ಬೀಪ್ ಸದ್ದಿನ ಎಣಿಕೆಯಿಂದ ರ್‍ಯಾಮ್ ದೋಷವೋ ಗ್ರಾಫಿಕ್ಸ್ ದೋಷವೋ ಎಂದು ಸಾರುತ್ತಿದ್ದ, ಬೆರಳ ತುದಿಯಷ್ಟು ದೊಡ್ಡ ಸ್ಪೀಕರು ಈಗ ಪೆಟ್ಟಿಗೆಯಲ್ಲಿ ಇರುವುದೇ ಅಪರೂಪ. ಅದು ಕೂರಬೇಕಾದ ನಾಲ್ಕು ಪಿನ್ನುಗಳು ಮಾತ್ರ ಅನೇಕ ಬೋರ್ಡುಗಳ ಮೇಲೆ ಖಾಲಿ ನಿಂತಿವೆ. ಅಷ್ಟರಲ್ಲಿ ನಾಲ್ಕು ಅಂಗಡಿಗಳ ನಾಲ್ಕು ವಾರಂಟಿ ಚೀಟಿಗಳನ್ನು ಹಿಡಿದ ಗ್ರಾಹಕನಿಗೆ, ಬೋರ್ಡಿನವನು ರ್‍ಯಾಮಿನವನತ್ತ, ರ್‍ಯಾಮಿನವನು ಎಸ್‌ಎಂಪಿಎಸ್‌ನವನತ್ತ ಕೈ ತೋರಿಸುತ್ತಾನೆ.

ಆದ್ದರಿಂದ ಮಹನೀಯರಲ್ಲಿ ಅರಿಕೆ ಇಷ್ಟೇ: ಬೋರ್ಡಿನ ಪೆಟ್ಟಿಗೆಯಲ್ಲಿ ಸಂಸ್ಥೆಯ ಲಾಂಛನವಿರುವ ಹೊಳೆಯುವ ಸ್ಟಿಕರುಗಳ ಹಾಳೆಯನ್ನು ಇಡುವ ಪದ್ಧತಿಯನ್ನು ಕೈಬಿಟ್ಟು, ಅದರ ಜಾಗದಲ್ಲಿ ಆ ಸ್ಪೀಕರನ್ನು ಇಡಬೇಕು. ಈಗಾಗಲೇ ಕೈಸೇರಿರುವ ಸ್ಟಿಕರುಗಳನ್ನು ಹಿಂದಿರುಗಿಸಲು ಗ್ರಾಹಕರು ಸಿದ್ಧರಿದ್ದಾರೆ. ಅಂಟಿಸಿದ್ದವರು ಕಿತ್ತು ಕಳುಹಿಸುತ್ತಾರೆ.

ಇಂತಿ,
ಬಿಚ್ಚಿದ ಕ್ಯಾಬಿನೆಟ್ಟಿನ ಮುಂದೆ ಟಾರ್ಚ್ ಹಿಡಿದು ಕುಳಿತವರೆಲ್ಲರ ಪರವಾಗಿ