ಪಿಲಿಕುಡೋಲೂ ಸುಣ್ಣದ ಡಬ್ಬಿಯೂ

ನಮ್ಮ ಶಿರ್ತಾಡಿಯಲ್ಲಿ ಮುಖ ಬಾತವರಿಗೆ ಗುಟ್ಟು ಎಂಬುದಿಲ್ಲ. ಮೂಡುಬಿದಿರೆಯಿಂದ ನಾರಾವಿ ಕಡೆಗೆ ಹೋಗುವ ಬಸ್ಸಿಗೆ ಒಂದು ಕಣ್ಣು ಪೂರ್ತಿ ಮುಚ್ಚಿಹೋದ ಮನುಷ್ಯ ಹತ್ತಿದರೆ, ಪರವೂರಿನವರು ಎಲ್ಲಿಯೋ ಹೊಡೆದಾಟ ಆಗಿರಬೇಕು ಎಂದುಕೊಂಡಾರು. ನಮ್ಮವರು ಅವನು ಟಿಕೆಟ್ ತೆಗೆಯುವ ಮೊದಲೇ ಕೇಳುತ್ತಾರೆ: "ಎಂತ ಮಾರಾಯ್ರೆ, ತುಡುವೆಯಾ, ಪಿಲಿಕುಡೋಲಾ?" ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಜೇನು ಎಂದು ಉತ್ತರ ಬಂದರೆ ಇಡೀ ಬಸ್ಸು ನಿರಾಸೆಯಿಂದ ಕಿಟಕಿಯ ಕಡೆ ತಿರುಗುತ್ತದೆ. ಪಿಲಿಕುಡೋಲು ಎಂದರೆ ಯಾರಾದರೂ ಎದ್ದು ಸೀಟು ಬಿಟ್ಟುಕೊಡುತ್ತಾರೆ.

ತುಳುವಿನ ಈ ಪಿಲಿಕುಡೋಲು ಪೇಪರಿನ ಕನ್ನಡದಲ್ಲಿ ಕಣಜದ ಹುಳು ಆಗುತ್ತದೆ. ಹೊಟ್ಟೆಯ ಮೇಲೆ ಹಳದಿ ಪಟ್ಟಿ. ಕೊಂಬೆಯಲ್ಲೋ ಪೊದೆಯಲ್ಲೋ ನೆಲದ ಮಾಟೆಯಲ್ಲೋ ವಾಸ. ಮರವನ್ನು ಕೆರೆದು, ಜಗಿದು, ಎಂಜಲು ಕಲಸಿ ಕಟ್ಟಿದ ಆ ಬೂದು ಗೂಡು ಅಪ್ಪಟ ಕಾಗದ. ಫ್ರಾನ್ಸಿನ ರೆಯಮೂರ್ ಎಂಬ ವಿಜ್ಞಾನಿ 1719ರಲ್ಲಿ, ಕಣಜಗಳಿಗೆ ಸಾಧ್ಯವಾದದ್ದು ನಮಗೇಕೆ ಆಗಬಾರದು, ಚಿಂದಿ ಬಟ್ಟೆ ಬಿಟ್ಟು ಮರದಿಂದಲೇ ಕಾಗದ ಮಾಡಬಹುದಲ್ಲ ಎಂದು ಅಲ್ಲಿಯ ಅಕಾಡೆಮಿಯ ಮುಂದೆ ಹೇಳಿದ. ಆ ಲೆಕ್ಕದಲ್ಲಿ ಬರೆಯುವವರೆಲ್ಲ ಇವುಗಳ ಸಾಲಗಾರರೇ. ಆದರೆ ಸಾಲವನ್ನು ಅವು ಬಡ್ಡಿ ಸಮೇತ ವಸೂಲು ಮಾಡುವುದು ಮಾತ್ರ ಅಡಿಕೆಗೆ ಮದ್ದು ಬಿಡುವವರಿಂದ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲೇಬೇಕು: ಮೈಲುತುತ್ತು, ಸುಣ್ಣ, ನೀರು. ತಲೆಗೆ ಮುಟ್ಟಾಳೆ ಇಟ್ಟುಕೊಂಡು ಅಡಿಕೆ ಮರದ ತುದಿಯಲ್ಲಿ ಇರುವವನಿಗೆ ಕೈಗೂ ಬಿಡುವಿಲ್ಲ, ಕಾಲಿಗೂ ಬಿಡುವಿಲ್ಲ. ಅಲ್ಲಿಂದ ಹಾರಿದ ಮದ್ದು ಪಕ್ಕದ ಮರದ ಗೂಡಿಗೆ ಬಿತ್ತೆಂದರೆ, ಮರ ಇಳಿಯುವುದಕ್ಕೂ ಜಾರುವುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ನಮ್ಮಲ್ಲಿಗೆ ಬರುವ ಕೊನೆಗಾರ ಮರ ಹತ್ತುವ ಮೊದಲು ತಲೆಯೆತ್ತಿ ನೋಡುವುದು ಕೊನೆಯನ್ನಲ್ಲ, ಸುತ್ತಲಿನ ಕೊಂಬೆಗಳನ್ನು. "ಅಡಿಕೆ ಎಲ್ಲಿಗೂ ಓಡಿ ಹೋಗುವುದಿಲ್ಲ ಅಣ್ಣ. ಓಡಬೇಕಾದವನು ನಾನು" ಎನ್ನುತ್ತಾನೆ.

ಕಚ್ಚಿಸಿಕೊಳ್ಳುವುದನ್ನೇ ವಿದ್ಯೆ ಮಾಡಿಕೊಂಡವರೂ ಲೋಕದಲ್ಲಿದ್ದಾರೆ. ಅಮೆರಿಕದ ಅರಿಜೋನಾದಲ್ಲಿದ್ದ ಜಸ್ಟಿನ್ ಶ್ಮಿಟ್ ಎಂಬ ಕೀಟಶಾಸ್ತ್ರಜ್ಞ ಎಂಬತ್ತಕ್ಕೂ ಹೆಚ್ಚು ಜಾತಿಯ ಹುಳಗಳಿಂದ ಕುಟುಕಿಸಿಕೊಂಡು, ಒಂದರಿಂದ ನಾಲ್ಕರವರೆಗಿನ ನೋವಿನ ಅಳತೆಕೋಲು ಮಾಡಿದರು. ಜೇನುಹುಳಕ್ಕೆ ಅದರಲ್ಲಿ ಎರಡು ಅಂಕ. ಇನ್ನೊಬ್ಬ ಮಹಾನುಭಾವ, ಮೈಕೆಲ್ ಸ್ಮಿತ್, ಮೈಯ 25 ಜಾಗಗಳಲ್ಲಿ ಜೇನಿನಿಂದ ಕಚ್ಚಿಸಿಕೊಂಡು ಎಲ್ಲಿ ಹೆಚ್ಚು ನೋವು ಎಂದು 2014ರಲ್ಲಿ ಪ್ರಕಟಿಸಿದ. ಮೊದಲ ಸ್ಥಾನ ಮೂಗಿನ ಹೊಳ್ಳೆಗೆ, ಎರಡನೆಯದು ಮೇಲ್ದುಟಿಗೆ. ಮೂರನೆಯದನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಹೇಳುವ ಹಾಗಿಲ್ಲ. 2015ರಲ್ಲಿ ಇಬ್ಬರಿಗೂ ಸೇರಿ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು.

ಶಿರ್ತಾಡಿಯ ಅಳತೆಕೋಲಿಗೆ ಬಹುಮಾನ ಬಂದಿಲ್ಲ; ಆದರೂ ನನಗೆ ಅದೇ ಹೆಚ್ಚು ಶಾಸ್ತ್ರೀಯವಾಗಿ ಕಾಣುತ್ತದೆ. ಅದು ಅಳೆಯುವುದು ನೋವನ್ನಲ್ಲ, ಓಟವನ್ನು. ಬೈರಾಸು ಕೊಡವಿ ಕೆಲಸ ಮುಂದುವರಿಸಿದರೆ ಚಗಳಿ ಇರುವೆ. ನಿಂತಲ್ಲೇ ಒಂದು ಬೈಗುಳವಾದರೆ ತುಡುವೆ. ಬೈರಾಸು, ಕತ್ತಿ, ಬುಟ್ಟಿ ಎಲ್ಲ ಅಲ್ಲೇ ಬಿಟ್ಟು ಓಡಿದರೆ ಪಿಲಿಕುಡೋಲು. ಉಟ್ಟ ಪಂಚೆಯನ್ನೂ ಬಿಟ್ಟು ಓಡಿದರೆ ಹೆಜ್ಜೇನು. ಮುಜಂಟಿ ಜೇನಿಗೆ ಕೊಂಡಿಯಿಲ್ಲ. ಅದಕ್ಕೆ ಹೆದರಿ ಓಡಿದವನ ಹೆಸರು ಊರಲ್ಲಿ ಬಹಳ ಕಾಲ ನಿಲ್ಲುತ್ತದೆ.

ಹೆಜ್ಜೇನಿನ ವಿಷಯದಲ್ಲಿ ನ್ಯಾಯ ಹುಡುಕಬಾರದು. ಗರ್ನಾಲು ಹೊಟ್ಟಿಸಿದವನು ಒಬ್ಬ, ಜೇನುಹುಟ್ಟಿಗೆ ಕೊಕ್ಕು ಹಾಕಿದ್ದು ಜೇನುಗಿಡುಗ, ಕಚ್ಚಿಸಿಕೊಳ್ಳುವವನು ಕೆಳಗೆ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವನು. ಜೇನು ಕಚ್ಚಿದಾಗ ಕೊಂಡಿಯ ಜೊತೆಗೆ ಒಂದು ವಾಸನೆಯನ್ನೂ ಬಿಡುತ್ತದೆ, ಥೇಟ್ ಬಾಳೆಹಣ್ಣಿನ ಪರಿಮಳ. ಮನುಷ್ಯನಿಗೆ ಕದಳಿ ಗೊನೆ ನೆನಪಾಗುವ ಆ ಪರಿಮಳ ಉಳಿದ ಜೇನುಗಳಿಗೆ "ಇಲ್ಲೇ, ಇವನೇ" ಎಂದು ಕೇಳಿಸುತ್ತದೆ. ಕಣಜದ ವಿಷದಲ್ಲೂ ಇಂಥ ಕರೆಯಿದೆ. ಆದ್ದರಿಂದ ಗೂಡಿನ ಹತ್ತಿರ ಒಂದನ್ನು ಹೊಡೆದು ಸಾಯಿಸಿದ ವೀರ, ಉಳಿದವಕ್ಕೆ ತನ್ನ ವಿಳಾಸವನ್ನು ತಾನೇ ಕೊಟ್ಟ ಹಾಗೆ.

ಚಗಳಿಯದ್ದು ಬೇರೆ ಕ್ರಮ. ಅದಕ್ಕೆ ಕೊಂಡಿ ಇಲ್ಲ. ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಸಿಡ್ ಚಿಮುಕಿಸುತ್ತದೆ. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ರೇ ಇರುವೆಗಳನ್ನೇ ಬಟ್ಟಿಯಿಳಿಸಿ ಆ ಆಮ್ಲವನ್ನು ಪಡೆದಿದ್ದ. ನಮ್ಮ ಕಡೆಯ ರಬ್ಬರಿನವರು ಅದನ್ನೇ ಕ್ಯಾನಿನಲ್ಲಿ ಕೊಂಡು ತಂದು, ನೀರು ಬೆರೆಸಿ, ಹಾಲು ಹೆಪ್ಪುಗಟ್ಟಿಸಿ ಶೀಟು ಹೊಡೆಯುತ್ತಾರೆ. ಹಣ ಕೊಟ್ಟು ತರುವ ವಸ್ತುವನ್ನು ಮಾವಿನ ಮರದಲ್ಲಿ ಪುಕ್ಕಟೆ ಕೊಡುವಾಗ ಮಾತ್ರ ಯಾರಿಗೂ ಬೇಡ! ಮಲೆನಾಡಿನವರು ಇದೇ ಚಗಳಿಯನ್ನು ಚಟ್ನಿ ಅರೆದು ಸೇಡು ತೀರಿಸಿಕೊಳ್ಳುತ್ತಾರೆ. ಒಡಿಶಾದ ಸಿಮಿಲಿಪಾಲದ ಇರುವೆ ಚಟ್ನಿಗಂತೂ 2024ರಲ್ಲಿ ಜಿಐ ಮಾನ್ಯತೆಯೇ ಸಿಕ್ಕಿದೆ.

ಇನ್ನು ಔಷಧ. ಶಿರ್ತಾಡಿಯಲ್ಲಿ ಕಚ್ಚಿಸಿಕೊಂಡವನಿಗೆ ನೋವು ತಿನ್ನಲು ಏಕಾಂತ ಸಿಗುವುದಿಲ್ಲ. ಅಜ್ಜಿ ಎಲೆಯಡಿಕೆಯ ಹರಿವಾಣದಿಂದ ಸುಣ್ಣದ ಡಬ್ಬಿ ತರುತ್ತಾರೆ. ಅತ್ತೆ ನೀರುಳ್ಳಿ ಕೊಯ್ದು ತಿಕ್ಕುತ್ತಾರೆ. ನೆರೆಮನೆಯವರು ತುಳಸಿ, ಅರಸಿನ ಅರೆಯುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು "ಕಬ್ಬಿಣ ಉಜ್ಜಿ" ಎಂದು ಸಲಹೆ ಕೊಟ್ಟು, ಕತ್ತಿ ಹುಡುಕಿಯೂ ಕೊಟ್ಟು ಹೋಗುತ್ತಾರೆ. ಹತ್ತು ನಿಮಿಷದಲ್ಲಿ ಆ ಕೆನ್ನೆ ಒಗ್ಗರಣೆಗೆ ಸಿದ್ಧ. ಇಷ್ಟರಲ್ಲಿ ಶಾಲೆಗೆ ಹೋಗುವ ಹುಡುಗ ಬಂದು, ಜೇನಿನ ವಿಷ ಆಮ್ಲ, ಅದಕ್ಕೆ ಸೋಡಾ. ಕಣಜದ್ದು ಪ್ರತ್ಯಾಮ್ಲ, ಅದಕ್ಕೆ ವಿನೆಗರ್ ಎಂದು ಪಾಠ ಒಪ್ಪಿಸುತ್ತಾನೆ. ಅಜ್ಜಿಯ ಸುಣ್ಣ ಅರ್ಧ ಪಾಸು, ಅರ್ಧ ಫೇಲು. ನಿಜ ಹೇಳಬೇಕೆಂದರೆ ಹುಡುಗನೂ ಪಾಸಲ್ಲ. ಜೇನಿನ ವಿಷದಲ್ಲಿ ಮುಖ್ಯವಾದದ್ದು ಮೆಲಿಟಿನ್ ಎಂಬ ಪ್ರೋಟೀನು. ಅದು ಚರ್ಮದ ಒಳಗಿದೆ, ಸುಣ್ಣ ಹೊರಗಿದೆ; ಇಬ್ಬರಿಗೂ ಭೇಟಿಯೇ ಇಲ್ಲ.

ಹೊರಗಿನಿಂದ ಮಾಡಲು ಸಾಧ್ಯವಾದ ಒಂದು ಕೆಲಸವನ್ನು ಈ ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ. ಜೇನಿನ ಕೊಂಡಿಗೆ ಹಿಮ್ಮುಳ್ಳಿದೆ. ಹುಳ ಸತ್ತರೂ ಕೊಂಡಿ, ವಿಷದ ಚೀಲದ ಸಮೇತ ನಮ್ಮಲ್ಲೇ ಉಳಿದು ಪಂಪ್ ಮಾಡುತ್ತಲೇ ಇರುತ್ತದೆ. ಉಗುರಿನಿಂದ ಕೆರೆಯಬೇಕೋ ಚಿವುಟಬೇಕೋ ಎಂದು ಚರ್ಚೆ ಮಾಡದೆ ತಕ್ಷಣ ಕಿತ್ತು ಬಿಸಾಡಬೇಕು. ಪಿಲಿಕುಡೋಲಿನ ಕೊಂಡಿ ನುಣುಪು. ಅದು ಒಂದೇ ಹುಳ ಮತ್ತೆ ಮತ್ತೆ ಚುಚ್ಚುವ ಅನುಕೂಲಕ್ಕೆ.

ನಗುವ ಮಾತು ಇಷ್ಟೇ. ನೋವು ಕೊಡುವುದೂ ಜೀವ ತೆಗೆಯುವುದೂ ಬೇರೆ ಬೇರೆ ಬಾಬತ್ತುಗಳು ಎಂಬುದನ್ನು ನಮ್ಮ ಬಸ್ಸಿನ ಪಂಡಿತರು ಒಪ್ಪುವುದಿಲ್ಲ. ಫ್ರಾನ್ಸಿನ ಚಾರ್ಲ್ಸ್ ರಿಶೆ ನಾಯಿಗಳಿಗೆ ಕಡಲಜೀವಿಯ ವಿಷ ಚುಚ್ಚಿ ನೋಡಿದ. ಮೊದಲ ಸಲ ತಾಳಿಕೊಂಡ ನಾಯಿ ವಾರಗಳ ನಂತರ ತೀರಾ ಚಿಕ್ಕ ಪ್ರಮಾಣಕ್ಕೆ ಸತ್ತುಬಿದ್ದಿತು. ಅವನು ಅದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟ. 1913ರ ನೊಬೆಲ್ ಬಂತು. "ನನಗೆ ಎಷ್ಟೋ ಸಲ ಕಚ್ಚಿದೆ, ಎಂತದೂ ಆಗುವುದಿಲ್ಲ" ಎಂಬ ನಮ್ಮ ಹೆಚ್ಚುಗಾರಿಕೆಯನ್ನು ಆ ನಾಯಿಯೂ ಹೇಳಬಹುದಿತ್ತು. ಕೆಲವರಿಗೆ ಒಂದೇ ಒಂದು ಹುಳದ ವಿಷಕ್ಕೆ ಮೈಯೇ ಹುಚ್ಚೆದ್ದು ಗಂಟಲು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಅದಕ್ಕಿರುವ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಅದೂ ಬೇಗ. ಅಲರ್ಜಿ ಇಲ್ಲದವರಿಗೂ ಹತ್ತಾರು ಕಡೆ ಕಚ್ಚಿದರೆ ವಿಷ ಸ್ನಾಯುಗಳನ್ನು ಕರಗಿಸಿ, ಒಂದೆರಡು ದಿನದ ಮೇಲೆ ಮೂತ್ರಪಿಂಡವನ್ನು ಕೆಡಿಸಬಹುದು. ನಿನ್ನೆ ಬಸ್ಸಿನಲ್ಲಿ ಕಥೆ ಹೇಳಿದವನು ನಾಳೆ ಡಯಾಲಿಸಿಸ್‌ಗೆ ಮಲಗಬೇಕಾದೀತು.

ಇಷ್ಟು ತಿಳಿದ ಮೇಲೆ ಊರಿನ ಗಂಡಸರಿಗೆ ಹೊಳೆಯುವುದು ತೂಟೆ. ರಾತ್ರಿ ಒಣ ತೆಂಗಿನ ಗರಿ ಕಟ್ಟಿ, ಬೆಂಕಿ ಹಚ್ಚಿ, ಗೂಡಿಗೆ ಹಿಡಿಯುವುದು. ಕಟೀಲಿನ ಜಾತ್ರೆಯಲ್ಲಿ ಎರಡು ಕಡೆಯವರು ಪರಸ್ಪರ ಉರಿಯುವ ತೂಟೆ ಎಸೆಯುವ ತೂಟೆದಾರ ನೋಡಿ ಬಂದವರಿಗೆ ಇದರಲ್ಲಿ ವಿಶೇಷ ಉತ್ಸಾಹ. ಅಲ್ಲಿ ಎದುರಿಗಿರುವವರೂ ಮನುಷ್ಯರು, ನಿಲ್ಲಿಸುವ ಹೊತ್ತು ಎರಡು ಕಡೆಗೂ ಗೊತ್ತು. ಇಲ್ಲಿ ಹಾಗಿಲ್ಲ. ಪಿಲಿಕುಡೋಲು ತೋಟದ ಕಂಬಳಿಹುಳಗಳನ್ನು ಹಿಡಿದು ಮರಿಗಳಿಗೆ ಉಣಿಸುವ, ಸಂಬಳ ಕೇಳದ ಕೆಲಸಗಾರ. ಗೂಡು ಗುಡ್ಡೆಯ ಮೂಲೆಯಲ್ಲಿದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಮನೆ ಬಾಗಿಲಲ್ಲೇ ಕಟ್ಟಿದ್ದರೆ ಬಲ್ಲವರನ್ನು ಕರೆಸಿ. ಕೆಳಗೆ ನಿಂತು ಟಾರ್ಚ್ ಬಿಡುವ ಭಾವನವರನ್ನಲ್ಲ. ಕಚ್ಚಿದ ಮೇಲೆ ತುಟಿ, ನಾಲಿಗೆ ಬಾತರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಅಥವಾ ಹತ್ತಾರು ಕಡೆ ಕಚ್ಚಿದ್ದರೆ, ಮೊದಲು ರಿಕ್ಷಾಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಅಜ್ಜಿಗೆ ಬೇಸರವಾಗುವುದಾದರೆ ಸುಣ್ಣವನ್ನು ರಿಕ್ಷಾದಲ್ಲಿ ಕುಳಿತೇ ಹಚ್ಚಿಸಿಕೊಳ್ಳಬಹುದು.